ಒಬ್ಬನೇ ಕುಡಿಯಬಾರದ ಹಾಲು

ಒಮಾನಿನ ಬರ್ಕಾ ಪೇಟೆಯ ಹೊರಗೆ ಒಂದು ಸಣ್ಣ ಹಾಲಿನ ಘಟಕವಿದೆ. ಸುತ್ತಲಿನ ತೋಟಗಳಿಂದ ಬರುವ ಹಸುವಿನ ಹಾಲು ಅಲ್ಲಿ ಮೊಸರಾಗಿ, ಲಬನ್ ಎಂಬ ಮಜ್ಜಿಗೆಯಾಗಿ ಅಂಗಡಿಗಳಿಗೆ ಹೋಗುತ್ತದೆ. ಆ ಘಟಕದಲ್ಲಿ ಹಾಲು ಪರೀಕ್ಷಿಸುವುದು ನನ್ನ ಕೆಲಸ. ಯಂತ್ರಗಳಿವೆ, ಆದರೆ ಅವುಗಳಿಗಿಂತ ಮೊದಲು ಪ್ರತಿ ಕ್ಯಾನಿನ ಮುಚ್ಚಳ ತೆಗೆದು ಮೂಸುವವಳು ನಾನು. ಈ ಕರಾವಳಿಯಲ್ಲಿ ದನಗಳಿಗೆ ಒಣಮೀನು ತಿನ್ನಿಸುವ ರೂಢಿಯಿದೆ. ಹಾಗಾಗಿ ನಾನು ಹಾಲು ತಿರಸ್ಕರಿಸುವುದು ಹೆಚ್ಚಾಗಿ ಮೀನಿನ ವಾಸನೆಗೆ. ಗದಗ ಕಡೆಯಿಂದ ಬಂದ ನನಗೆ ಆ ವಾಸನೆ ದೂರದಿಂದಲೇ ತಿಳಿಯುತ್ತದೆ.

ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಬಂದ ಕ್ಯಾನಿನಲ್ಲಿ ಮೀನಿನ ವಾಸನೆ ಇರಲಿಲ್ಲ, ಹೊಗೆಯ ವಾಸನೆ ಇತ್ತು. ಹಾಲು ಸೀದ ವಾಸನೆಯಲ್ಲ, ಸುಟ್ಟ ಕಟ್ಟಿಗೆಯದು. ತಳದಲ್ಲಿ ಕಪ್ಪು ಪುಡಿಯ ಒಂದೆರಡು ಚುಕ್ಕೆಗಳೂ ಕಂಡವು. ಕ್ಯಾನನ್ನು ಬದಿಗಿಟ್ಟು ವ್ಯಾನಿನ ಚಾಲಕನನ್ನು ಕರೆದೆ. ಅವನು ಬಂಟ್ವಾಳದ ಕಡೆಯವನು, ನನ್ನನ್ನು ಅಕ್ಕ ಎನ್ನುತ್ತಾನೆ.

"ಇದು ಯಾರ ತೋಟದ್ದಪ್ಪಾ?"

"ಆ ಜಂಜಿಬಾರಿನ ಅಜ್ಜನ ತೋಟದ್ದು ಅಕ್ಕ. ಅಲ್ಲಿ ಹೊಸ ಜನ ಬಂದಿದ್ದಾನೆ, ಆಫ್ರಿಕಾದವ. ಎಂತ ಮಾಡ್ತಾನೋ ದೇವರಿಗೇ ಗೊತ್ತು."

ಸಂಜೆಯ ಹಾಲು ತರಲು ಅವನು ಹೊರಟಾಗ ನಾನೂ ವ್ಯಾನ್ ಹತ್ತಿದೆ.

ತೋಟದ ಯಜಮಾನರು ಜಂಜಿಬಾರಿನಲ್ಲಿ ಹುಟ್ಟಿದ ಒಮಾನಿ. ಚಿಕ್ಕವರಿದ್ದಾಗ ಅಪ್ಪ ಅಮ್ಮನ ಜೊತೆ ಹಡಗು ಹತ್ತಿ ಇಲ್ಲಿಗೆ ಬಂದವರು. ಅರಬ್ಬಿಯಷ್ಟೇ ಸಲೀಸಾಗಿ ಸ್ವಾಹಿಲಿ ಮಾತಾಡುತ್ತಾರೆ. ಹಳೆಯ ವ್ಯಾಪಾರಿಗಳ ಒಡನಾಟದಿಂದ ಹಿಂದಿಯೂ ಬರುತ್ತದೆ, ನನ್ನೊಡನೆ ಮಾತಾಡುವುದು ಅದರಲ್ಲೇ. ದನ ನೋಡಿಕೊಳ್ಳಲು ಅವರು ತಾಂಜಾನಿಯಾದ ಉತ್ತರ ಭಾಗದಿಂದ ಮಸಾಯಿ ಬುಡಕಟ್ಟಿನ ಒಬ್ಬನನ್ನು ಕರೆಸಿಕೊಂಡಿದ್ದರು. ದನ ಕಾಯುವುದನ್ನು ಹುಟ್ಟಿನಿಂದಲೇ ಬಲ್ಲ ಜನ, ಇವರಿಗೆ ಏನನ್ನೂ ಕಲಿಸಬೇಕಾಗಿಲ್ಲ ಎಂಬುದು ಅವರ ವಾದ.

ಕೊಟ್ಟಿಗೆಯಿಂದ ಅವನು ಹೊರಗೆ ಬಂದ. ಮೂವತ್ತರ ಹತ್ತಿರದ ವಯಸ್ಸು, ನನಗಿಂತ ಒಂದು ಮೊಳ ಎತ್ತರ. ಎಲ್ಲ ಕೆಲಸಗಾರರಂತೆ ನೀಲಿ ಸಮವಸ್ತ್ರ ತೊಟ್ಟಿದ್ದ. ಕಿವಿಯ ಹಾಲೆಗಳು ಮಾತ್ರ ದೊಡ್ಡ ತೂತಾಗಿ ಜೋತುಬಿದ್ದಿದ್ದವು. ನಾನು ಕ್ಯಾನಿನ ವಿಷಯ ಹೇಳಿದೆ, ಯಜಮಾನರು ಅನುವಾದಿಸಿದರು. ಅವನು ಗಾಬರಿಯಾಗಲಿಲ್ಲ. ಒಲೆಯಿಂದ ಉರಿಯುವ ಕೋಲೊಂದನ್ನು ತಂದು, ಬೆಂಕಿಯನ್ನು ನೆಲಕ್ಕೆ ಒರೆಸಿ ಆರಿಸಿ, ಕೆಂಡದ ತುದಿಯನ್ನು ತೊಳೆದಿಟ್ಟ ಕ್ಯಾನಿನೊಳಗೆ ಆಡಿಸಿ ತಿಕ್ಕಿದ. ಹೊಗೆ ತುಂಬಿತು. ಮುಚ್ಚಳ ಹಾಕಿ ಸ್ವಲ್ಪ ಹೊತ್ತು ಬಿಟ್ಟು, ಪುಡಿಯನ್ನು ಹಸುವಿನ ಬಾಲದ ಕೂದಲಿನ ಕುಂಚದಿಂದ ಗುಡಿಸಿ ಹಾಕಿದ. ಇಷ್ಟನ್ನೂ ಪೂಜೆಯ ಪಾತ್ರೆ ತೊಳೆಯುವವರ ಶ್ರದ್ಧೆಯಿಂದ ಮಾಡಿದ.

"ಇದು ಕಾಡು ಆಲಿವ್ ಮರದ ಕಟ್ಟಿಗೆ. ಜಬಲ್ ಅಖ್ದರ್ ಬೆಟ್ಟದ ಮೇಲೆ ನನ್ನ ತಮ್ಮನ ಮನೆಯಿದೆ, ಅಲ್ಲಿಂದ ಬಂತು," ಎಂದರು ಯಜಮಾನರು. "ಇವರ ಊರಲ್ಲೂ ಇದೇ ಮರವಂತೆ. ವಾಸನೆ ನೋಡಿಯೇ ಗುರುತು ಹಿಡಿದ. ಹಾಲು ಬೇಗ ಕೆಡೋದಿಲ್ಲ ಅಂತಾನೆ, ಬೇಟಿ."

ಘಟಕಕ್ಕೆ ಕಳಿಸುವ ಕ್ಯಾನುಗಳಿಗೆ ಇದನ್ನು ಮಾಡಬಾರದು, ತನ್ನ ಪಾತ್ರೆಗೆ ಬೇಕಾದರೆ ಮಾಡಿಕೊಳ್ಳಲಿ ಎಂದೆ. ಯಜಮಾನರು ಅನುವಾದಿಸಿದ ಮೇಲೆ ಅವನು ನನ್ನನ್ನು ನೋಡಿ ಏನೋ ಹೇಳಿದ. ಅವರು ನಕ್ಕರು.

"ತನ್ನ ಪಾತ್ರೆಗೆ ಬೇಡವಂತೆ. ಅವನು ಹಾಲೇ ಕುಡಿಯೋದಿಲ್ಲ."

ಹಾಲು ಸೇರದವರು ಇರುತ್ತಾರೆ. ಅವನೂ ಹಾಗೇ ಎಂದುಕೊಂಡೆ. ಅದಲ್ಲ ಎಂದು ಗೊತ್ತಾಗಲು ಇನ್ನೂ ಎರಡು ಭೇಟಿಗಳು ಬೇಕಾದವು. ಅಷ್ಟರಲ್ಲಿ ಅವನು ಇನ್ನಷ್ಟು ತೆಳ್ಳಗಾಗಿದ್ದ. ಮೆಕ್ಕೆಜೋಳದ ಹಿಟ್ಟಿನ ಗಟ್ಟಿ ಮುದ್ದೆ, ಬೇಯಿಸಿದ ಅವರೆಯಂಥ ಕಾಳು, ಖರ್ಜೂರ, ಹಾಲಿಲ್ಲದ ಚಹಾ, ಇಷ್ಟೇ ಅವನ ಊಟ. ಬೇರೆ ಕೆಲಸಗಾರರು ಮೀನು ಬೇಯಿಸಿದ ದಿನ ಅವನು ಅಡುಗೆಮನೆಯ ಬಳಿಗೂ ಬರುತ್ತಿರಲಿಲ್ಲ. ಮೀನು ಮಸಾಯಿಗಳಿಗೆ ಆಹಾರವೇ ಅಲ್ಲ.

ಯಜಮಾನರು ಖರ್ಜೂರದ ಮರಗಳ ನೆರಳಲ್ಲಿ ಚಾಪೆ ಹಾಸಿ ಕೂತು ನನಗೂ ಚಾಲಕನಿಗೂ ಕಾವಾ ಎಂಬ ಅರಬ್ಬಿ ಕಾಫಿ ಕೊಡುತ್ತ ವಿಷಯ ಬಿಡಿಸಿ ಹೇಳಿದರು. ಮಸಾಯಿ ಗಂಡಸರು ಓರಗೆಯವರ ಗುಂಪುಗಳಾಗಿ ಬೆಳೆಯುತ್ತಾರೆ. ಒಂದು ಓರಗೆಯ ಹುಡುಗರಿಗೆ ಒಟ್ಟಿಗೇ ಶಾಸ್ತ್ರಗಳಾಗುತ್ತವೆ, ಒಟ್ಟಿಗೇ ಅವರು ಊರಿನ ಕಾವಲಿಗೆ ನಿಲ್ಲುವ ತರುಣರಾಗುತ್ತಾರೆ. ಹಾಗೆ ತರುಣನಾದವನು ಒಬ್ಬನೇ ಕೂತು ಹಾಲು ಕುಡಿಯುವಂತಿಲ್ಲ. ಪಕ್ಕದಲ್ಲಿ ಓರಗೆಯವನೊಬ್ಬ ಇರಲೇಬೇಕು. ಮದುವೆಯಾದ ಹೆಂಗಸಿನ ಕಣ್ಣಿಗೆ ಬಿದ್ದ ಮಾಂಸವನ್ನು ಅವನು ತಿನ್ನುವಂತಿಲ್ಲ, ಅವಳ ಎದುರಿಗೆ ಹಾಲನ್ನೂ ಕುಡಿಯುವಂತಿಲ್ಲ. ಹಾಲು ಕುಡಿದ ದಿನ ಮಾಂಸವಿಲ್ಲ, ಮಾಂಸ ತಿಂದ ದಿನ ಹಾಲಿಲ್ಲ. ವರ್ಷಗಳ ನಂತರ ಆ ಓರಗೆಗೆಲ್ಲ ಒಂದು ಹಾಲಿನ ಶಾಸ್ತ್ರವಾಗುತ್ತದೆ. ಅದಾದ ಮೇಲೆ ಒಬ್ಬೊಬ್ಬರೇ ಕುಡಿಯಬಹುದು. ಇವನು ಆ ಶಾಸ್ತ್ರಕ್ಕೆ ಮೊದಲೇ ವಿಮಾನ ಹತ್ತಿದ್ದ.

"ಎಂತ ಮಾರಾಯ್ರೆ," ಎಂದು ಚಾಲಕ ನನ್ನ ಕಡೆ ತಿರುಗಿದ. "ನಲವತ್ತು ದನ ಕರೀತಾನೆ. ಒಂದು ಲೋಟ ಕುಡಿದರೆ ಇಲ್ಲಿ ನೋಡ್ಲಿಕ್ಕೆ ಯಾರು ಬರ್ತಾರೆ?"

ಆ ಪ್ರಶ್ನೆಯನ್ನು ನಾನು ಹಿಂದಿಯಲ್ಲಿ ಹೇಳಿದೆ, ಯಜಮಾನರು ಪಕ್ಕದಲ್ಲಿ ನಿಂತಿದ್ದ ಮಸಾಯಿಗೆ ದಾಟಿಸಿದರು. ಅವನು ನಿಂತಲ್ಲೇ ಉತ್ತರ ಕೊಟ್ಟ.

"ಯಾರೂ ನೋಡದಿರೋದೇ ತಪ್ಪು ಅಂತಾನೆ," ಎಂದರು ಅವರು.

ಇವರು ರಕ್ತ ಕುಡಿಯುತ್ತಾರೆ ಎಂದು ಎಲ್ಲೋ ಓದಿದ್ದು ನೆನಪಾಗಿ ಕೇಳಿಬಿಟ್ಟೆ. ಯಜಮಾನರ ಮುಖ ಬಿಗಿಯಿತು. "ಹರಾಮ್. ಇಲ್ಲಿ ಆ ಮಾತು ಬೇಡ ಅಂತ ಬಂದ ದಿನವೇ ಹೇಳಿದ್ದೇನೆ. ಖಲಾಸ್." ತಿಂಗಳುಗಳ ನಂತರ, ಜೊತೆಗಿದ್ದ ಬಂಗಾಳಿ ಕೆಲಸಗಾರರಿಂದ ಅವನು ಅಷ್ಟಿಷ್ಟು ಹಿಂದಿ ಕಲಿತ ಮೇಲೆ, ಅವನೇ ನನಗೆ ಅದನ್ನು ಹೇಳಿದ. ದನವನ್ನು ಕೊಲ್ಲುವುದಿಲ್ಲ. ಕತ್ತಿನ ನರ ಉಬ್ಬುವಂತೆ ಹಗ್ಗ ಬಿಗಿದು, ಮೊಂಡು ಬಾಣದಿಂದ ಚುಚ್ಚಿ, ಬೇಕಾದಷ್ಟು ಹಿಡಿದು ಗಾಯಕ್ಕೆ ಸಗಣಿ ಒತ್ತುತ್ತಾರೆ. ದನ ಮತ್ತೆ ಮೇಯಲು ಹೋಗುತ್ತದೆ. ಹಾಲಿನಲ್ಲಿ ಕಲಸಿದ ಆ ರಕ್ತ ಬಾಣಂತಿಗೆ, ಗಾಯಗೊಂಡವರಿಗೆ. "ಇಲ್ಲಿ ಬೇಕಾಗಿಲ್ಲ ಮಾಮಾ. ಇಲ್ಲಿ ಆಸ್ಪತ್ರೆ ಇದೆ," ಎಂದು ಮುಗಿಸಿದ. ಮಾಮಾ ಎಂದರೆ ಅವರ ಕಡೆ ಗೌರವದ ಹೆಂಗಸು. ನಾನು ಅವನನ್ನು ಭಾಯಿ ಎನ್ನುತ್ತಿದ್ದೆ.

ಅದೇ ದಿನ ಅವನು ನನ್ನನ್ನು ಕೇಳಿದ: "ನೀವು ಯಾರ ಜೊತೆ ಊಟ ಮಾಡ್ತೀರಿ?"

ನನ್ನ ಗಂಡ ಮರುಭೂಮಿಯ ಒಳಗೆ ತೈಲಬಾವಿಯ ಶಿಬಿರದಲ್ಲಿ ಇಂಜಿನಿಯರು. ಇಪ್ಪತ್ತು ದಿನ ಅಲ್ಲಿ, ಹತ್ತು ದಿನ ಬೌಷರಿನ ನಮ್ಮ ಮನೆಯಲ್ಲಿ. ಮಕ್ಕಳಿಲ್ಲ. ಇಪ್ಪತ್ತು ದಿನವೂ ನಾನು ಅಡುಗೆಕಟ್ಟೆಗೆ ಒರಗಿ ನಿಂತೇ ತಿನ್ನುತ್ತೇನೆ. ತಟ್ಟೆ ಹಾಕಿಕೊಳ್ಳುವುದೂ ಅಪರೂಪ.

"ಒಬ್ಬಳೇ," ಎಂದೆ.

"ಯಾರಾದರೂ ಬೇಡ ಅಂದಿದ್ದಾರಾ, ಜೊತೆಗೆ ಊಟ ಮಾಡಲು?"

"ಇಲ್ಲ."

ಆ ಪ್ರಶ್ನೆಯಲ್ಲಿ ಟೀಕೆ ಇತ್ತು ಎಂದು ನನಗನ್ನಿಸಲಿಲ್ಲ. ದನಕ್ಕೆ ಮೇವು ಸಾಕಾಯಿತೇ ಎಂದು ಕೇಳಿದ ಹಾಗಿತ್ತು. ಸಂಜೆ ಗಂಡ ಎಂದಿನಂತೆ ಫೋನು ಮಾಡಿ "ಊಟ ಆತೇನು?" ಎಂದರು. "ಆತ್ರಿ" ಎಂದೆ. ಮರುದಿನ ಮಧ್ಯಾಹ್ನ ಬುತ್ತಿ ಡಬ್ಬಿ ಎತ್ತಿಕೊಂಡು ಚಾಲಕನೂ ಪ್ಯಾಕಿಂಗಿನವರೂ ಕೂತು ಉಣ್ಣುವ ಶೆಡ್ಡಿಗೆ ಹೋದೆ. ಅವರು ಜರುಗಿ ಜಾಗ ಕೊಟ್ಟರು.

ಅಲ್ಲೇ ಒಂದು ದಿನ ಚಾಲಕ ಅನ್ನ ಕಲಸುತ್ತ ಹೇಳಿದ: "ಅಕ್ಕ, ಸುವೈಕ್ ಪೇಟೆಯಲ್ಲಿ ಒಬ್ಬ ಉಂಟು. ಇದೇ ಜನ. ಕಿವಿಯ ತೂತಿನಲ್ಲಿ ನನ್ನ ಹೆಬ್ಬೆರಳು ಹೋಗ್ತದೆ. ಒಂಟೆ ತೋಟದ ಕಾವಲಿಗೆ ಇದ್ದಾನೆ."

"ಇವನ ಓರಗೆಯವನೇನು?"

"ಅದು ನನಗೆ ಹೇಗೆ ಗೊತ್ತಾಗಬೇಕು? ನೋಡ್ಲಿಕ್ಕೆ ಇಷ್ಟೇ ಪ್ರಾಯ."

ಯಜಮಾನರಿಗೆ ಹೇಳಿದೆವು. ಅವರು ಒಂದೆರಡು ಫೋನು ಮಾಡಿ ಆ ತೋಟದ ಮಾಲೀಕರನ್ನು ಹುಡುಕಿದರು. ಅವನ ಓರಗೆಯ ಹೆಸರು ಕೇಳಿ ಇವನಿಗೆ ತಿಳಿಸಿದರು. ಇಬ್ಬರ ಓರಗೆಗೂ ಒಂದೇ ಹೆಸರು. ಆದರೆ ಅವನು ಗಡಿಯಾಚೆಯ ಕೀನ್ಯಾದವನು, ಬೇರೆ ಪಂಗಡ. "ಪರವಾಗಿಲ್ಲ," ಎಂದನಂತೆ ಇವನು. ಅದನ್ನು ಮೂರು ಸಲ ಹೇಳಿದನಂತೆ.

ಆ ಶುಕ್ರವಾರ ರಜೆಯಾದರೂ ನಾನು ತೋಟಕ್ಕೆ ಹೋದೆ. ಗಂಡ ಶಿಬಿರದಲ್ಲಿದ್ದರು, ಮನೆಯಲ್ಲಿ ಮಾಡಲು ಏನೂ ಇರಲಿಲ್ಲ. ಕುತೂಹಲವೂ ಇತ್ತು, ಒಪ್ಪಿಕೊಳ್ಳಬೇಕು. ಸುವೈಕಿನವನನ್ನು ಚಾಲಕ ವ್ಯಾನಿನಲ್ಲಿ ಕರೆತಂದ. ಇಸ್ತ್ರಿ ಮಾಡಿದ ಅಂಗಿ, ತಂಪು ಕನ್ನಡಕ. ನಮ್ಮವನು ಸಮವಸ್ತ್ರ ಕಳಚಿ ಕೆಂಪು ಚೌಕಳಿಯ ಬಟ್ಟೆಯನ್ನು ಹೆಗಲಿಂದ ಕಟ್ಟಿಕೊಂಡಿದ್ದ. ಬಂದ ಮೇಲೆ ಅವನನ್ನು ಆ ಉಡುಪಿನಲ್ಲಿ ನಾವು ನೋಡಿದ್ದು ಅದೇ ಮೊದಲು. ಸುವೈಕಿನವನು ಅವನನ್ನು ಕಂಡು ಕನ್ನಡಕ ತೆಗೆದು ಜೇಬಿಗಿಟ್ಟ.

ಇಬ್ಬರೂ ಕೈ ಹಿಡಿದು ನಿಂತು ಬಹಳ ಹೊತ್ತು ಮಾತಾಡಿದರು. ಒಬ್ಬ ಪ್ರಶ್ನೆ ಕೇಳುವುದು, ಇನ್ನೊಬ್ಬ ಗಂಟಲಲ್ಲೇ ಚುಟುಕಾಗಿ ಉತ್ತರಿಸುವುದು. ಯಾವ ಕುಲ, ಯಾರ ಮಗ, ಮಳೆ ಹೇಗಿದೆ, ದನಗಳು ಹೇಗಿವೆ ಎಂದು ಕೇಳುತ್ತಾರೆ ಎಂದು ಯಜಮಾನರು ಪಿಸುದನಿಯಲ್ಲಿ ತಿಳಿಸಿದರು. ಇಬ್ಬರ ದನಗಳೂ ಸಮುದ್ರದ ಆಚೆ ಇದ್ದವು. ಆದರೂ ಒಂದನ್ನೂ ಬಿಡದೆ ವಿಚಾರಿಸಿಕೊಂಡಂತೆ ಕಂಡಿತು.

ಆಮೇಲೆ ನಮ್ಮವನು ತನ್ನ ಕೋಣೆಯಿಂದ ಊರಿನ ಸೋರೆಬುರುಡೆಯನ್ನು ತಂದ. ಚರ್ಮದ ಪಟ್ಟಿ ಕಟ್ಟಿದ, ಬಿಳಿ ಕವಡೆ ಹೊಲಿದ ಉದ್ದನೆಯ ಬುರುಡೆ. ಬಂದಾಗಿನಿಂದ ಖಾಲಿ ಇತ್ತು. ಬೆಳಿಗ್ಗೆಯೇ ಆಲಿವ್ ಕೊಳ್ಳಿಯಿಂದ ಒಳಗೆ ತಿಕ್ಕಿ, ಮೀನು ತಿನ್ನಿಸದೆ ಬೇರೆ ಕಟ್ಟಿದ್ದ ಒಂದು ಹಸುವಿನ ಹಾಲು ತುಂಬಿಸಿದ್ದ. ಅವರು ಕೊಟ್ಟಿಗೆಯ ಹಿಂದಿನ ಜಾಲಿ ಮರದ ಕಡೆ ನಡೆದರು. ಒಂದೆರಡು ಹೆಜ್ಜೆ ಹಾಕಿ ನಮ್ಮವನು ನಿಂತು ಯಜಮಾನರಿಗೆ ಏನೋ ಹೇಳಿದ.

"ಬೇಟಿ, ಬೇಜಾರು ಮಾಡಿಕೊಳ್ಳಬೇಡ. ನೀನು ಆ ಕಡೆ ತಿರುಗಿ ಕೂತುಕೋಬೇಕಂತೆ."

ಕುರ್ಚಿ ತಿರುಗಿಸಿಕೊಂಡೆ. ಎದುರಿಗೆ ಕುದುರೆಮಸಾಲೆ ಮೇವಿನ ಮಡಿಗಳಿದ್ದವು, ಅವುಗಳಲ್ಲಿ ನೀರು ಹರಿಯುತ್ತಿತ್ತು. ಅರ್ಧ ಗಂಟೆ ಅದನ್ನೇ ನೋಡಿದೆ. ಹಿಂದಿನಿಂದ ಒಮ್ಮೆ ನಗು ಕೇಳಿಸಿತು. ಅವನು ನಗುವುದನ್ನು ನಾನು ಅದುವರೆಗೆ ಕೇಳಿರಲಿಲ್ಲವಾದ್ದರಿಂದ ಯಾರ ನಗುವೆಂದು ಹೇಳಲಾರೆ. ನಾನು ಕಂಡದ್ದು ಇಷ್ಟೇ. ಉಳಿದದ್ದನ್ನು ಚಾಲಕ ಹೇಳಿದ. ಒಬ್ಬ ಗುಟುಕರಿಸುವುದು, ಇನ್ನೊಬ್ಬನಿಗೆ ಕೊಡುವುದು, ಬುರುಡೆ ಖಾಲಿಯಾಗುವವರೆಗೆ ಹೀಗೇ. "ಮುಗಿದ ಮೇಲೆ ನಮ್ಮವ ಅದರ ಒಳಗೆ ಮೂಗಿಟ್ಟು ಮೂಸಿದ ಅಕ್ಕ, ನೀವು ಕ್ಯಾನು ಮೂಸುವ ಹಾಗೆ."

ಸುವೈಕಿನವನನ್ನು ವಾಪಸು ಬಿಡುವಾಗ ಅದೇ ದಾರಿಯಲ್ಲಿ ನನಗೊಂದು ಕೆಲಸವಿತ್ತು, ವ್ಯಾನಿನಲ್ಲೇ ಹೋದೆ. ದಾರಿಯಲ್ಲಿ ಚಾಲಕ ಅಂಗಡಿಯ ಮುಂದೆ ನಿಲ್ಲಿಸಿದಾಗ ಸುವೈಕಿನವನು ಇಳಿದು ಒಂದು ಬಾಟಲಿ ಲಬನ್ ತಂದು, ಸೀಟಿನಲ್ಲಿ ಕೂತು ಒಬ್ಬನೇ ಕುಡಿದ. ಕುಡಿದು ಮುಗಿಸಿದ ಮೇಲೆಯೇ ನಾವಿಬ್ಬರೂ ತನ್ನನ್ನೇ ನೋಡುತ್ತಿರುವುದು ಅವನಿಗೆ ಗೊತ್ತಾಯಿತು.

"ನಾಲ್ಕು ವರ್ಷ ಆಯ್ತು," ಎಂದ ಹಿಂದಿಯಲ್ಲಿ. "ಮೊದಲ ದಿನ ವಾಂತಿ ಬಂತು. ಆಮೇಲೆ ಏನೂ ಆಗಲಿಲ್ಲ. ಮೀನನ್ನೂ ತಿಂತೇನೆ. ನಮ್ಮ ಕಡೆ ಈಗ ಎಷ್ಟೋ ಜನ ಇದನ್ನೆಲ್ಲ ಬಿಟ್ಟಿದ್ದಾರೆ." ಸ್ವಲ್ಪ ದೂರ ಹೋದ ಮೇಲೆ, "ಅವನಿಗೆ ಹೇಳಬೇಡಿ," ಎಂದ.

ಅವನನ್ನು ಇಳಿಸಿ ವ್ಯಾನು ತಿರುಗಿಸುತ್ತ ಚಾಲಕ ಕೇಳಿದ: "ಹೇಳುವುದಾ ಅಕ್ಕ?"

"ಬ್ಯಾಡ. ನಮಗ್ಯಾಕ ಬೇಕು?"

ಹೇಳಲಿಲ್ಲ. ಮುಂದೆ ತಿಂಗಳಿಗೆ ಎರಡು ಶುಕ್ರವಾರ ಸುವೈಕಿನವನು ಬಂದು ಹೋಗುತ್ತಿದ್ದ. ಬಾರದ ವಾರಗಳಲ್ಲಿ ನಮ್ಮವನು ಮತ್ತೆ ಹಾಲಿಲ್ಲದ ಚಹಾ ಕುಡಿಯುತ್ತಿದ್ದ. ಸ್ವಲ್ಪ ಮೈ ತುಂಬಿಕೊಂಡಂತೆ ಕಂಡ. ತಿಂಗಳಿಗೆರಡು ಸಲ ಕುಡಿದ ಹಾಲಿನಿಂದ ಮೈ ತುಂಬುವುದಿಲ್ಲ ಎಂಬುದು ನನ್ನ ವೃತ್ತಿಗೆ ಗೊತ್ತು. ಕಂಡದ್ದನ್ನು ಹೇಳುತ್ತಿದ್ದೇನೆ.

ಚಳಿಗಾಲ ಕಳೆಯುವ ಹೊತ್ತಿಗೆ ಒಂದು ದಿನ ನಾನು ಮಾದರಿ ಬಾಟಲಿಗಳನ್ನು ತುಂಬಿಸುತ್ತಿದ್ದಾಗ ಅವನೇ ಮಾತು ತೆಗೆದ.

"ಸುವೈಕಿನ ಭಾಯಿ ಒಬ್ಬನೇ ಹಾಲು ಕುಡಿತಾನೆ."

ನಾನು ಬಾಟಲಿಯ ಮುಚ್ಚಳ ತಿರುಗಿಸುತ್ತಲೇ ಇದ್ದೆ. "ಯಾರು ಹೇಳಿದರು?"

"ಯಾರೂ ಹೇಳಲಿಲ್ಲ. ಮೊದಲ ದಿನವೇ ಗೊತ್ತಾಯ್ತು. ಎರಡನೇ ಸಲ ಬುರುಡೆ ಕೊಟ್ಟಾಗ ಎಷ್ಟು ಉಳಿದಿದೆ ಅಂತ ಅಲುಗಾಡಿಸಿ ನೋಡಲಿಲ್ಲ. ಜೊತೆಗೆ ಕುಡಿಯೋನು ನೋಡ್ತಾನೆ, ಇನ್ನೊಬ್ಬನಿಗೆ ಉಳಿಸಬೇಕಲ್ಲ."

"ಮತ್ತೆ ಯಾಕೆ ಅವನ ಜೊತೆ ಕುಡಿದೆ? ಆ ಹಾಲು ಲೆಕ್ಕಕ್ಕೆ ಬರುತ್ತದೆಯೇ?"

ಅವನು ಯೋಚಿಸಿದ. ಹಿಂದಿ ಪದಗಳಿಗಾಗಿ ತಡಕಾಡಿದನೋ, ಉತ್ತರಕ್ಕಾಗಿಯೋ ಗೊತ್ತಿಲ್ಲ.

"ರಜೆ ದಿನ ನಿದ್ದೆ ಬಿಟ್ಟು ಬಂದ. ನಾನು ಹಳೇ ಕಾಲದವನು ಅಂತ ನಗಲಿಲ್ಲ. ಅವನೂ ಓರಗೆಯವನೇ ತಾನೇ. ತಪ್ಪಿದ್ದರೆ ಅದು ಅವನದು. ಜೊತೆ ಕೂತದ್ದು ಇಬ್ಬರದೂ."

ಬೇಸಿಗೆಯ ಆರಂಭದಲ್ಲಿ ಸುವೈಕಿನವನ ಕರಾರು ಮುಗಿದು ಊರಿಗೆ ಹೋದ. ಕೊನೆಯ ಶುಕ್ರವಾರ ತನ್ನ ಕನ್ನಡಕವನ್ನು ನಮ್ಮವನಿಗೆ ಕೊಟ್ಟುಹೋದನಂತೆ. ಇವನು ಅದನ್ನು ಎಂದೂ ಹಾಕಿಕೊಂಡದ್ದು ನಾನು ಕಾಣೆ.

ಆಮೇಲೆ ಹೆಚ್ಚುಕಡಿಮೆ ಒಂದು ವರ್ಷ ಅವನು ಹಾಲು ಮುಟ್ಟಲಿಲ್ಲ. ನಾನು ಹೋದಾಗಲೆಲ್ಲ ಹಸುಗಳ ವಿಷಯ ಮಾತಾಡುತ್ತಿದ್ದೆವು. ಯಾವ ಹಸುವಿಗೆ ಕೆಚ್ಚಲು ಬಾವು ಬರಲಿದೆ ಎಂದು ನನ್ನ ಪರೀಕ್ಷೆಗಿಂತ ಎರಡು ದಿನ ಮೊದಲೇ ಹೇಳುತ್ತಿದ್ದ. ಹೆಚ್ಚಿನ ಸಲ ಸರಿಯಾಗಿರುತ್ತಿತ್ತು. ಶುಕ್ರವಾರ ಯಜಮಾನರ ಮನೆಯಿಂದ ಬರುವ ಮಾಂಸದ ತಟ್ಟೆಯನ್ನು ಬಟ್ಟೆ ಮುಚ್ಚಿಸಿಕೊಂಡು ಒಯ್ದು ಮರಗಳ ಹಿಂದೆ ತಿನ್ನುತ್ತಿದ್ದ. ಅದೆಲ್ಲ ನಮಗೆ ರೂಢಿಯಾಗಿಹೋಯಿತು. ತಟ್ಟೆ ಬರುವುದು ಕಂಡರೆ ನಾನಾಗಿಯೇ ಬೇರೆ ಕಡೆ ನೋಡುತ್ತಿದ್ದೆ.

ನಂತರ ಊರಿಂದ ಅಣ್ಣನ ಫೋನು ಬಂತು. ಅವರ ಓರಗೆಗೆ ಹಾಲಿನ ಶಾಸ್ತ್ರ ನಿಶ್ಚಯವಾಗಿತ್ತು. ಆದರೆ ಅದು ರಮದಾನಿಗೆ ಸ್ವಲ್ಪ ಮುಂಚೆ. ಆಗ ಲಬನ್‌ಗೆ ಬೇಡಿಕೆ ಏರುತ್ತದೆ, ಅದೇ ಹೊತ್ತಿಗೆ ತೋಟದಲ್ಲಿ ಏಳೆಂಟು ಹಸುಗಳು ಕರು ಹಾಕುವುದರಲ್ಲಿದ್ದವು. ಅವನು ರಜೆ ಕೇಳಿದಾಗ ನಾನು ಅಲ್ಲೇ ಇದ್ದೆ. ಯಜಮಾನರು ಕೋಪದಿಂದ ಸ್ವಾಹಿಲಿಯಲ್ಲಿ ಬಹಳ ಮಾತಾಡಿದರು. ಅವನು ತಲೆ ತಗ್ಗಿಸಿ ನಿಂತ. ವಾದಿಸಲಿಲ್ಲ, ಕದಲಲೂ ಇಲ್ಲ.

"ನೀನೇ ಹೇಳು ಬೇಟಿ," ಎಂದು ಅವರು ನನ್ನ ಕಡೆ ತಿರುಗಿದರು. "ಈಗ ಹೋದರೆ ದನ ಯಾರು ನೋಡ್ತಾರೆ?"

ಘಟಕದ ಕಡೆಯಿಂದ ನೋಡಿದರೆ ಅವನು ಹೋಗಬಾರದಿತ್ತು. ನಾನು ಹೇಳಿದ್ದು: "ಬಾಬಾ, ಅವನು ಎರಡೂವರೆ ವರ್ಷದಿಂದ ನಿಮ್ಮ ಹಾಲು ಕರೆದಿದ್ದಾನೆ. ಒಂದು ತೊಟ್ಟು ಕದ್ದು ಕುಡಿದಿಲ್ಲ."

ಅವರು ಎದ್ದು ಮಸೀದಿಗೆ ಹೋದರು. ಮೂರು ದಿನದ ಮೇಲೆ ಟಿಕೆಟ್ ತೆಗೆಸಿಕೊಟ್ಟರೆಂದು ಚಾಲಕ ತಿಳಿಸಿದ. "ಅಜ್ಜ ಬೈದುಕೊಂಡೇ ಕೊಟ್ಟರು ಅಕ್ಕ. ಯಲ್ಲಾ, ಹೋಗು, ಬೇಗ ಬಾ, ಅಂತ." ಆ ರಮದಾನಿನಲ್ಲಿ ತೋಟದಲ್ಲಿ ಎರಡು ಕರುಗಳು ಉಳಿಯಲಿಲ್ಲ. ಅವನಿದ್ದಿದ್ದರೆ ಉಳಿಯುತ್ತಿದ್ದವೆಂದು ಯಜಮಾನರು ಈಗಲೂ ಹೇಳುತ್ತಾರೆ. ಇರಬಹುದು.

ಏಳು ವಾರದ ನಂತರ ಅವನು ಬಂದ. ತಲೆ ನುಣ್ಣಗೆ ಬೋಳಿಸಿತ್ತು. ಕೊಟ್ಟಿಗೆಯಲ್ಲಿ ನನಗೆ ಚಹಾ ಕೊಟ್ಟು ತಾನೂ ತೆಗೆದುಕೊಂಡ. ಎರಡು ಲೋಟದಲ್ಲೂ ಹಾಲು ಹಾಕಿತ್ತು. ನಾನು ಅವನ ಲೋಟವನ್ನೇ ನೋಡುತ್ತಿದ್ದೆನೆಂದು ಕಾಣುತ್ತದೆ.

"ಈಗ ಸರಿ ಮಾಮಾ," ಎಂದ.

"ಮೊದಲ ಸಲ ಒಬ್ಬನೇ ಕುಡಿದಾಗ ಹೇಗಿತ್ತು?"

"ಅಮ್ಮನ ಮನೆಯೊಳಗೆ ಕುಡಿದೆ. ಅಮ್ಮ ಬಾಗಿಲ ಹೊರಗೆ ನಿಂತಿದ್ದಳು. ಗಂಟಲಲ್ಲಿ ಇಳಿಯಲಿಲ್ಲ. ಆಯ್ತಾ ಅಂತ ಹೊರಗಿಂದ ಕೇಳಿದಳು. ಆಯ್ತು ಅಂದೆ. ಆಮೇಲೆ ಇಳೀತು."

ಕೀನ್ಯಾದ ಗಡಿ ದಾಟಿ ಸುವೈಕಿನವನ ಊರಿಗೂ ಹೋಗಿದ್ದನಂತೆ. ಒಂದೂವರೆ ದಿನದ ಬಸ್ಸಿನ ದಾರಿ. ಇಲ್ಲಿಂದ ಒಯ್ದ ಖರ್ಜೂರದ ಡಬ್ಬಿಯೂ ಜೊತೆಗಿತ್ತಂತೆ. ಆದರೆ ಅವನು ಊರಲ್ಲಿರಲಿಲ್ಲ. ಮತ್ತೆ ಕೆಲಸ ಸಿಕ್ಕಿ, ಈ ಸಲ ದುಬೈಗೆ, ಎರಡು ವಾರದ ಹಿಂದೆಯಷ್ಟೇ ಹೊರಟುಹೋಗಿದ್ದನಂತೆ.

"ಅಷ್ಟು ದೂರ ಹೋಗಿ ಸುಮ್ಮನೆ ಬಂದೆಯಾ?" ಎಂದೆ.

"ಸುಮ್ಮನೆ ಅಲ್ಲ. ಅವನ ಹೆಂಡತಿ ಒಂದು ಬುರುಡೆ ಹಾಲು ಕೊಟ್ಟಳು. ಅವಳ ಎದುರಿಗೇ ಕುಡಿದೆ. ಅವಳು ಗಂಡನ ಸುದ್ದಿ ಕೇಳಿದಳು. ಇಲ್ಲಿ ಹೇಗಿದ್ದ, ಏನು ಉಣ್ಣುತ್ತಿದ್ದ, ಯಾರ ಜೊತೆ ಇದ್ದ ಅಂತ."

"ನೀನು ಏನಂದೆ?"

"ನನ್ನ ಜೊತೆ ಕುಡಿಯುತ್ತಿದ್ದ ಅಂದೆ."

ಹೊರಗೆ ಕರು ಕೂಗಿತು. ಅವನು ಲೋಟ ತೊಳೆದಿಟ್ಟು ಕರುವನ್ನು ತಾಯಿಯ ಬಳಿ ಬಿಡಲು ಹೋದ.